ನಿಮ್ಮ ಹುಡುಗ ಮಿಲಿಟರಿ ಆಫೀಸರ್ ಆಗ್ತಾನಾ?

ಪಿಯುಸಿ ಫಲಿತಾಂಶ ಬಂದ ವಾರ ನಮ್ಮೂರ ಗೋಡೆಗಳಿಗೆ ಹೊಸ ಕಳೆ ಬರುತ್ತದೆ. 'ಎನ್‌ಡಿಎ ಸೇರಬೇಕೆ? ನೂರಕ್ಕೆ ನೂರು ಗ್ಯಾರಂಟಿ' ಅನ್ನೋ ಪೋಸ್ಟರು ಬಸ್ ಸ್ಟ್ಯಾಂಡ್ ಕಾಂಪೌಂಡಿನಿಂದ ಹಿಡಿದು ಲೈಟು ಕಂಬದವರೆಗೆ. ಯೂನಿಫಾರಂ ತೊಟ್ಟ ಯಾವನೋ ಹುಡುಗನ ಫೋಟೋ, ಕೆಳಗೆ ಫೋನ್ ನಂಬರು. ಹೊಳೆನರಸೀಪುರದ ಬಸ್ಸಿಗೆ ಕಾಯುವ ತಂದೆ ಅದನ್ನು ಓದುತ್ತಾನೆ. ಪಕ್ಕದಲ್ಲಿ ನಿಂತ ಮಗನ ಎತ್ತರ ನೋಡುತ್ತಾನೆ, ಎದೆ ನೋಡುತ್ತಾನೆ, ಕೈಯಲ್ಲಿರುವ ಮಾರ್ಕ್ಸ್ ಕಾರ್ಡು ನೋಡುತ್ತಾನೆ. 'ಆಗುತ್ತೆ ಕಣೋ' ಅನ್ನುತ್ತಾನೆ. ಮರುದಿನದಿಂದ ಸಾಲಕ್ಕೆ ಓಡಾಟ.

ಈ ಗ್ಯಾರಂಟಿ ಶುದ್ಧ ಸುಳ್ಳು. 'ನಮ್ಮಂಥವರ ಮಕ್ಕಳಿಗೆ ಎಲ್ಲಿ ಸಿಗುತ್ತೆ ಬಿಡಿ' ಅನ್ನೋ ಮಾತು ಅದಕ್ಕಿಂತ ದೊಡ್ಡ ಸುಳ್ಳು. ಎರಡೂ ಲೆಕ್ಕ ಹಾಕದೆ ಆಡುವ ಮಾತು. ಪಿಯುಸಿಯನ್ನು ಮಧ್ಯಕ್ಕೇ ಬಿಟ್ಟ ಈ ವರದಿಗಾರನಿಗೇ ಈ ಲೆಕ್ಕ ಅರ್ಥವಾಗಿದೆ ಅಂದಮೇಲೆ ದಿನಾ ಜಮಾ-ಖರ್ಚು ಬರೆಯುವ ನಮ್ಮ ಅಂಗಡಿಯವರಿಗೆ ಏನು ಕಷ್ಟ?

ಮೊದಲು ವಿಷಯ ತಿಳಿಯಲಿ. ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಇರುವುದು ಪುಣೆ ಹತ್ತಿರದ ಖಡಕವಾಸ್ಲಾದಲ್ಲಿ. 1955ರಲ್ಲಿ ಅಲ್ಲಿ ಬಾಗಿಲು ತೆರೆಯಿತು. ಅಲ್ಲಿ ತಯಾರಾಗುವವರು ಜವಾನರಲ್ಲ, ಆಫೀಸರುಗಳು. ಮೂರು ವರ್ಷ ಅಲ್ಲಿ. ಆಮೇಲೆ ಭೂಸೇನೆಯವರು ಡೆಹ್ರಾಡೂನಿಗೆ, ನೌಕಾಪಡೆಯವರು ಕೇರಳದ ಎಳಿಮಲಕ್ಕೆ, ವಾಯುಪಡೆಯವರು ಹೈದರಾಬಾದ್ ಬಳಿಯ ದುಂಡಿಗಲ್‌ಗೆ. ಊಟ, ವಸತಿ, ಬಟ್ಟೆ, ಪುಸ್ತಕ ಎಲ್ಲ ಸರ್ಕಾರದ್ದು. ಮನೆಯಿಂದ ಕೈಖರ್ಚಿಗೆ ಒಂದಿಷ್ಟು ಕಳಿಸಿದರಾಯಿತು. ಕಿರಾಣಿ ಅಂಗಡಿಯವನ ಮಗನಿಗೂ ಕರ್ನಲ್ ಮಗನಿಗೂ ಅಲ್ಲಿ ಒಂದೇ ತಟ್ಟೆ. ಇಂಜಿನಿಯರಿಂಗ್ ಸೀಟಿಗೆ ಗದ್ದೆ ಅಡವಿಡುವ ಕಾಲದಲ್ಲಿ ಇದೇನು ಸಣ್ಣ ಮಾತೇ?

ಹುಡುಗ ಅಂತ ಬರೆದದ್ದಕ್ಕೆ ಹುಡುಗಿಯರು ಬೇಸರ ಮಾಡಬೇಡಿ. 2021ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಬಾಗಿಲು ತೆರೆಸಿತು. 2022ರಲ್ಲಿ ಸೇರಿದವರ ಪೈಕಿ 17 ಹೆಣ್ಣುಮಕ್ಕಳು 2025ರ ಮೇ ತಿಂಗಳಲ್ಲಿ ತರಬೇತಿ ಮುಗಿಸಿ ಹೊರಬಂದಿದ್ದಾರೆ.

ಈಗ ಲೆಕ್ಕ. ಮೊದಲ ಜರಡಿ ವಯಸ್ಸು. ಕೋರ್ಸು ಶುರುವಾಗುವ ಹೊತ್ತಿಗೆ ಹದಿನಾರೂವರೆ ದಾಟಿರಬೇಕು, ಹತ್ತೊಂಬತ್ತೂವರೆ ಮೀರಿರಬಾರದು. ಪರೀಕ್ಷೆ ನಡೆದ ಮೇಲೆ ಕೋರ್ಸು ಶುರುವಾಗಲು ಹತ್ತಿರಹತ್ತಿರ ಒಂದು ವರ್ಷ. ಅಂದರೆ ಪಿಯುಸಿ ಮುಗಿಸಿ, ಒಂದು ವರ್ಷ ಊರು ಸುತ್ತಿ, ಆಮೇಲೆ 'ಮಿಲಿಟರಿಗೆ ನೋಡೋಣ' ಅಂದರೆ ಬಾಗಿಲು ಮುಚ್ಚಿರುತ್ತದೆ. ಪರೀಕ್ಷೆ ವರ್ಷಕ್ಕೆ ಎರಡು ಸಲ. ದ್ವಿತೀಯ ಪಿಯುಸಿ ಓದುತ್ತಿರುವಾಗಲೇ ಅರ್ಜಿ ಹಾಕಬಹುದು, ಹಾಕಬೇಕು. ಹಾಗೆ ಮಾಡಿದವನಿಗೆ ನಾಲ್ಕು ಸಲವೋ ಐದು ಸಲವೋ ಅವಕಾಶ. ಇನ್ನೊಂದು ಮಾತು: ಎಣಿಕೆಗೆ ಬರುವುದು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನ ಜನ್ಮದಿನಾಂಕ. ನಮ್ಮ ಹಳ್ಳಿಗಳಲ್ಲಿ ಅರ್ಧ ಊರಿಗೆ ಊರೇ ಜೂನ್ 1ರಂದು ಹುಟ್ಟಿದ್ದು. ಮೇಷ್ಟ್ರು ಬರೆದ ಆ ತಾರೀಖೇ ಇಲ್ಲಿ ವೇದವಾಕ್ಯ. ಪೆಟ್ಟಿಗೆಯಿಂದ ತೆಗೆದು ಇವತ್ತೇ ನೋಡಿ.

ಎರಡನೆಯದು ಲಿಖಿತ ಪರೀಕ್ಷೆ. ನಡೆಸುವವರು ದೆಹಲಿಯ ಯುಪಿಎಸ್‌ಸಿ. ಗಣಿತಕ್ಕೆ 300 ಅಂಕ, ಸಾಮಾನ್ಯ ಸಾಮರ್ಥ್ಯಕ್ಕೆ 600, ಒಟ್ಟು 900. ಇತ್ತೀಚಿನ ವರ್ಷಗಳಲ್ಲಿ ಇದರಲ್ಲಿ ಪಾಸಾಗಲು ಬೇಕಾದದ್ದು ಎಷ್ಟು ಗೊತ್ತೆ? ಒಂದು ಸಲ 290ರ ಹತ್ತಿರ, ಒಂದು ಸಲ 360, ಈ ನಡುವೆ ಏರಿಳಿತ. ನೂರಕ್ಕೆ ನಲವತ್ತು ಬಂದರೆ ದಡ! ತೊಂಬತ್ತೈದು ಪರ್ಸೆಂಟ್ ತೆಗೆದವರಿಗೆ ಮಾತ್ರ ಅನ್ನೋದು ಯಾರು ಹಬ್ಬಿಸಿದ ಸುದ್ದಿಯೋ.

ಆದರೆ ಇಲ್ಲೊಂದು ಮಸಲತ್ತಿದೆ. ಗಣಿತದಲ್ಲಿ 120 ಪ್ರಶ್ನೆ. ಸರಿ ಇದ್ದರೆ ಎರಡೂವರೆ ಅಂಕ, ತಪ್ಪಾದರೆ ಅದರ ಮೂರನೇ ಒಂದು ಭಾಗ ಕಡಿತ. ಒಬ್ಬ ಹುಡುಗ ಏನೂ ಬಿಡದೆ 120ನ್ನೂ ಗುರುತು ಹಾಕಿದ ಅಂತಿಟ್ಟುಕೊಳ್ಳಿ. 30 ಸರಿ, 90 ತಪ್ಪು. ಬಂದದ್ದು 75, ಹೋದದ್ದೂ 75. ಗಲ್ಲಾಪೆಟ್ಟಿಗೆ ಖಾಲಿ! ಇನ್ನೊಬ್ಬ 70 ಮಾತ್ರ ಮುಟ್ಟಿದ, 50 ಸರಿ, 20 ತಪ್ಪು. ಅವನಿಗೆ 108. ಎರಡನೇ ಪತ್ರಿಕೆಯಲ್ಲಿ 150 ಪ್ರಶ್ನೆ, ತಲಾ ನಾಲ್ಕು ಅಂಕ. ಅಲ್ಲಿ 75 ಸರಿ, 30 ತಪ್ಪಾದರೆ 260. ಎರಡೂ ಸೇರಿ 368. ಪಾಸು. ಅರ್ಧ ಪ್ರಶ್ನೆಗೆ ಸರಿ ಉತ್ತರ ಗೊತ್ತಿಲ್ಲದವನು ಪಾಸು, ಎಲ್ಲಕ್ಕೂ ಕೈಹಾಕಿದವನು ಮನೆಗೆ.

ಹಾಗಾಗಿ ಫೀಸು ಕಟ್ಟುವ ಮೊದಲು ಒಂದು ಕೆಲಸ ಮಾಡಿ. ಹಳೆಯ ಪ್ರಶ್ನೆಪತ್ರಿಕೆಗಳು ಯುಪಿಎಸ್‌ಸಿಯ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ಹುಡುಗನನ್ನು ಕೂರಿಸಿ, ಗಡಿಯಾರ ಎದುರಿಗಿಟ್ಟು ಎರಡೂವರೆ ಗಂಟೆ ಬರೆಸಿ. ಕಡಿತ ಕಳೆದು ಕೂಡಿಸಿ. 150 ಬಂದರೆ ದೂರವಿದೆ. 250 ಬಂದರೆ ಆರು ತಿಂಗಳ ದುಡಿಮೆ. ಕೋಚಿಂಗ್ ಮಾಲೀಕರಿಗಿಂತ ಈ ಕಾಗದ ನಿಜ ಹೇಳುತ್ತದೆ. ಆರ್ಟ್ಸ್, ಕಾಮರ್ಸ್ ಮಕ್ಕಳಿಗೆ ಭೂಸೇನೆಯ ವಿಭಾಗಕ್ಕೆ ಅವಕಾಶ ಉಂಟು, ಆದರೆ ಗಣಿತದ ಪತ್ರಿಕೆ ಅವರಿಗೂ ತಪ್ಪಿದ್ದಲ್ಲ. ಪ್ರತಿ ಪತ್ರಿಕೆಯಲ್ಲೂ ಕನಿಷ್ಠ ಅಂಕ ಬರಲೇಬೇಕು. ವಿಮಾನ, ಹಡಗು ಬೇಕು ಅನ್ನುವವರಿಗೆ ಪಿಯುಸಿಯಲ್ಲಿ ವಿಜ್ಞಾನವೇ ಆಗಬೇಕು.

ಇಲ್ಲಿ ನಮ್ಮ ಹೊಟ್ಟೆ ಉರಿಯುವ ವಿಷಯ ಹೇಳಲೇಬೇಕು. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಅಗ್ನಿವೀರರಾಗಿ ಸೇರುವವರ ಪರೀಕ್ಷೆಯನ್ನು 2025ರಲ್ಲಿ ಕನ್ನಡದಲ್ಲೂ ಕೊಟ್ಟರು. ಅಂದರೆ ಜವಾನನಾಗಲು ಕನ್ನಡ ಸಾಕು, ಆಫೀಸರಾಗಲು ಸಾಲದು! ಲಕ್ನೋದ ಹುಡುಗ ತಾಯಿನುಡಿಯಲ್ಲಿ ಗಣಿತ ಓದಿ ಉತ್ತರಿಸಬಹುದು, ಅರಕಲಗೂಡಿನ ಹುಡುಗ ಮೊದಲು ಪ್ರಶ್ನೆಯನ್ನು ತರ್ಜುಮೆ ಮಾಡಿಕೊಳ್ಳಬೇಕು. ಇದು ಯಾವ ಸೀಮೆ ನ್ಯಾಯ? ನಮ್ಮ ಸಂಸದರು ಹಾರ ಹಾಕಿಸಿಕೊಳ್ಳುವುದರ ನಡುವೆ ಬಿಡುವು ಮಾಡಿಕೊಂಡು ಇದನ್ನು ದೆಹಲಿಯಲ್ಲಿ ಕೇಳಲಿ. ಅವರು ಕೇಳುವವರೆಗೆ ಕನ್ನಡ ಮಾಧ್ಯಮದ ಮಕ್ಕಳು ಲೆಕ್ಕದ ಜೊತೆಗೆ ಲೆಕ್ಕದ ಇಂಗ್ಲಿಷನ್ನೂ ಕಲಿಯದೆ ಗತಿಯಿಲ್ಲ.

ಲಿಖಿತ ಪಾಸಾದವರಿಗೆ ಕರೆ ಬರುವುದು ಎಸ್ಸೆಸ್‌ಬಿಗೆ. ನಿಜವಾದ ಗೋಡೆ ಇದು. ಐದು ದಿನ. ಬೆಂಗಳೂರಿನಲ್ಲಿ ಒಂದು ಕೇಂದ್ರವಿದೆ, ಮೈಸೂರಿನಲ್ಲಿ ವಾಯುಪಡೆಯದು. ಭೋಪಾಲಿಗೂ ಅಲಹಾಬಾದಿಗೂ ಕರೆಯಬಹುದು. ಮೊದಲ ಸಲ ಹೋದವರಿಗೆ ಪ್ರಯಾಣದ ಖರ್ಚು ಸರ್ಕಾರವೇ ಕೊಡುತ್ತದೆ. ಮೊದಲ ದಿನವೇ ಅರ್ಧಕ್ಕಿಂತ ಹೆಚ್ಚು ಮಂದಿಗೆ ಗೇಟು ತೋರಿಸುತ್ತಾರೆ. ಉಳಿದವರಿಗೆ ಒಂದೊಂದು ಪದಕ್ಕೆ ಹದಿನೈದು ಸೆಕೆಂಡಿನಂತೆ 60 ಪದ ತೋರಿಸಿ ಮನಸ್ಸಿಗೆ ಬಂದದ್ದನ್ನು ಬರೆಸುತ್ತಾರೆ. ಅರ್ಧ ಗಂಟೆಯಲ್ಲಿ 60 ಸಂದರ್ಭ ಕೊಟ್ಟು ನೀನಾಗಿದ್ದರೆ ಏನು ಮಾಡುತ್ತಿದ್ದೆ ಅಂತ ಕೇಳುತ್ತಾರೆ. ಹಲಗೆ, ಹಗ್ಗ, ಡ್ರಮ್ಮು ಕೊಟ್ಟು ಗುಂಪಾಗಿ ಅಡ್ಡಿ ದಾಟಿ ಅನ್ನುತ್ತಾರೆ. ಲಿಖಿತದಲ್ಲಿ 500 ತೆಗೆದವನೂ ಇಲ್ಲಿ ಬೇಡ ಅನ್ನಿಸಿಕೊಂಡರೆ ಮುಗಿಯಿತು.

ಕೋಚಿಂಗಿನವರು ಇದಕ್ಕೂ ಉತ್ತರ ಬಾಯಿಪಾಠ ಮಾಡಿಸುತ್ತಾರೆ. 'ನನ್ನ ಹವ್ಯಾಸ ಪುಸ್ತಕ ಓದುವುದು, ಕ್ರಿಕೆಟ್ ಆಡುವುದು.' ದಿನಕ್ಕೆ ಇಂಥ ನಲವತ್ತು ಹುಡುಗರನ್ನು ನೋಡುವ ಅಧಿಕಾರಿಗೆ ಗೊತ್ತಾಗಲ್ವಾ ಸ್ವಾಮಿ? ನಮ್ಮ ಪೇಟೆಬೀದಿಯ ಹುಡುಗ ಎಂಟನೇ ಕ್ಲಾಸಿನಿಂದ ಸಂಜೆ ಅಂಗಡಿಯಲ್ಲಿ ನಿಲ್ಲುತ್ತಾನೆ. ಸಾಲ ಹೇಳುವವನನ್ನು ನೋಯಿಸದೆ ಸಾಗಹಾಕುತ್ತಾನೆ. ಲಾರಿ ತಡವಾದರೆ ಬೇರೆ ಕಡೆಯಿಂದ ಮಾಲು ತರಿಸುತ್ತಾನೆ. ಅಪ್ಪ ಆಸ್ಪತ್ರೆಯಲ್ಲಿದ್ದ ತಿಂಗಳು ತಾನೇ ಲೆಕ್ಕ ನಿಭಾಯಿಸಿರುತ್ತಾನೆ. ಜವಾಬ್ದಾರಿ, ತೀರ್ಮಾನ, ಸಮಯಸ್ಫೂರ್ತಿ ಅಂತ ಅವರು ಹುಡುಕುವ ಗುಣ ಇದೇ. ಆದರೆ ಅಲ್ಲಿ ಹೋಗಿ ಅಂಗಡಿಯ ಮಾತೆತ್ತಲು ನಾಚುತ್ತಾನೆ! ಸಾಧಾರಣ ಇಂಗ್ಲಿಷಿನಲ್ಲಾದರೂ ಸರಿ, ತಾನು ಮಾಡಿದ್ದನ್ನು ಮಾಡಿದ ಹಾಗೆ ಹೇಳುವವನಿಗೆ ಅವಕಾಶ ಹೆಚ್ಚು. ಮನೆಯಲ್ಲಿ ಹತ್ತು ಜನರೆದುರು ಬಾಯಿ ಬಿಡದವನಿಗೆ ಎಷ್ಟು ಎತ್ತರವಿದ್ದರೂ ಕಷ್ಟ. ಮಿಲಿಟರಿ ಅಂದರೆ ಪಕ್ಕದ ಕೊಡಗಿನವರದ್ದು, ಕಾರ್ಯಪ್ಪ-ತಿಮ್ಮಯ್ಯನವರ ಕುಲಕ್ಕೆ ಮಾತ್ರ ಅನ್ನುವವರೂ ಇದ್ದಾರೆ. ಅಂಥ ಕಾಲಂ ಅರ್ಜಿಯಲ್ಲಿ ಇಲ್ಲ.

ಕೊನೆಗೆ ಡಾಕ್ಟರು. ಚಪ್ಪಟೆ ಪಾದ, ಮಂಡಿ ಒಂದಕ್ಕೊಂದು ತಾಗುವುದು, ಬಣ್ಣ ಗುರುತಿಸಲಾಗದ ಕಣ್ಣು, ಇವು ಎರಡು ವರ್ಷದ ಶ್ರಮವನ್ನು ಒಂದೇ ದಿನದಲ್ಲಿ ಮುಗಿಸುತ್ತವೆ. ಜಿಲ್ಲಾಸ್ಪತ್ರೆಯಲ್ಲಿ ಚೀಟಿ ಮಾಡಿಸಿ ಮೊದಲೇ ತೋರಿಸಲು ಎಷ್ಟು ಖರ್ಚು? ಪೈಲಟ್ ಆಗುವವರ ಯಂತ್ರ ಪರೀಕ್ಷೆಯಂತೂ ಜನ್ಮಕ್ಕೆ ಒಂದೇ ಸಲ.

ಇಷ್ಟೆಲ್ಲ ದಾಟಿ, 1800ಕ್ಕೆ 650ರಿಂದ 720ರ ಆಸುಪಾಸು ಬಂದವರು ಕಡೆಯ ಪಟ್ಟಿಯಲ್ಲಿ. ಒಂದು ಸಲಕ್ಕೆ ಇಡೀ ದೇಶಕ್ಕೆ ಸೀಟು 400ರಷ್ಟು. ಅರ್ಜಿ ಲಕ್ಷಗಟ್ಟಲೆ. ಅದಕ್ಕೇ ಹುಡುಗ ಡಿಗ್ರಿಗೂ ಸೇರಿರಲಿ. ಡಿಗ್ರಿ ಮುಗಿಸಿದವರಿಗೆ ಸಿಡಿಎಸ್ ಅನ್ನೋ ಇನ್ನೊಂದು ಬಾಗಿಲಿದೆ.

ಮಗು ಇನ್ನೂ ಐದನೇ ಕ್ಲಾಸಿನಲ್ಲಿದ್ದರೆ ಕುಶಾಲನಗರದ ಪಕ್ಕ ಕೂಡಿಗೆಯಲ್ಲಿ 2007ರಿಂದ ಸೈನಿಕ ಶಾಲೆ ಇದೆ, ವಿಜಯಪುರದಲ್ಲಿ 1963ರಿಂದ ಇದೆ. ಆರನೇ ತರಗತಿಯ ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಒಂಬತ್ತನೆಯದಕ್ಕೆ ಇಂಗ್ಲಿಷ್ ಮಾತ್ರ. ನಮ್ಮ ಅರಕಲಗೂಡು ತಾಲ್ಲೂಕಿನಿಂದ ಕೂಡಿಗೆ ಎಷ್ಟು ದೂರ ಹೇಳಿ!

ಯುಪಿಎಸ್‌ಸಿ ಪ್ರಕಟಣೆ ಸಾಮಾನ್ಯವಾಗಿ ಡಿಸೆಂಬರಿನಲ್ಲೊಂದು, ಮೇ ತಿಂಗಳಲ್ಲೊಂದು. ಅರ್ಜಿಗೆ 100 ರೂಪಾಯಿ; ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ ಅದೂ ಇಲ್ಲ. ಇದನ್ನು ಪ್ರತಿ ಸರ್ಕಾರಿ ಪಿಯು ಕಾಲೇಜಿನ ನೋಟಿಸ್ ಬೋರ್ಡಿಗೆ ಅಂಟಿಸಲು ಉಪನಿರ್ದೇಶಕರಿಗೆ ಯಾವ ಬಜೆಟ್ಟೂ ಬೇಕಾಗಿಲ್ಲ, ಒಂದು ಸುತ್ತೋಲೆ ಸಾಕು. ಪೋಸ್ಟರಿನವರು ಅಂಟಿಸುವ ಮೊದಲು ಅವರು ಅಂಟಿಸಲಿ. ಅರ್ಜಿ ಹಾಕುವವರು ಕೊನೇ ದಿನದವರೆಗೆ ಕಾಯಬೇಡಿ. ಪರೀಕ್ಷಾ ಕೇಂದ್ರ ಮೊದಲು ಬಂದವರಿಗೆ ಮೊದಲು. ಮೈಸೂರು ಭರ್ತಿಯಾದರೆ ಧಾರವಾಡಕ್ಕೆ ರಾತ್ರಿ ಬಸ್ಸು ಹತ್ತಬೇಕಾದೀತು.