ಅರ್ಜಿ ಮತ್ತು ಸಂದರ್ಶನ: ಕನ್ನಡ ಶಾಲೆಯ ಉಮೇದುವಾರರಿಗೆ

ಕಾಲೇಜು ಮುಗಿಸಿ ನೌಕರಿಗಾಗಿ ಅರ್ಜಿ ತುಂಬಲು ಕುಳಿತ ನಮ್ಮ ಹಳೆಯ ವಿದ್ಯಾರ್ಥಿಗಳ ಕೈ ‘ಶಿಕ್ಷಣ ಮಾಧ್ಯಮ’ ಎಂಬ ಅಂಕಣದ ಮುಂದೆ ತಡೆದು ನಿಲ್ಲುವುದುಂಟು. ಕನ್ನಡವೆಂದು ಬರೆದರೆ ಬಾಗಿಲು ಮುಚ್ಚೀತೆಂಬ ಅಳುಕೇ ಇದಕ್ಕೆ ಕಾರಣ. ಇಂಗ್ಲಿಷಿನಲ್ಲಿ ಪಟಪಟನೆ ಮಾತನಾಡುವವರಿಗೇ ಮಣೆ ಹಾಕುವ ಕಚೇರಿಗಳು ಈ ಮುಂಬಯಿಯಲ್ಲಿ ಇಲ್ಲವೆಂದಲ್ಲ. ಆದರೆ ಆ ಅಳುಕಿಗೆ ವಶರಾಗಿ ತಮ್ಮ ಶಾಲೆಯನ್ನು ಮರೆಮಾಚುವವರು ಕೈಯಲ್ಲಿರುವ ಬಂಡವಾಳವನ್ನೇ ಬಚ್ಚಿಡುತ್ತಾರೆಂಬುದು ನನ್ನ ಅಭಿಪ್ರಾಯ.

ಒಂದು ಉದಾಹರಣೆಯನ್ನು ನೋಡೋಣ. ಭಾರತೀಯ ಸ್ಟೇಟ್ ಬ್ಯಾಂಕಿನ ಗುಮಾಸ್ತ ದರ್ಜೆಯ ಹುದ್ದೆಗೆ ಉಮೇದುವಾರನು ಯಾವುದಾದರೊಂದು ರಾಜ್ಯವನ್ನು ಆರಿಸಿಕೊಂಡು ಅರ್ಜಿ ಹಾಕಬೇಕು. ಆ ರಾಜ್ಯದ ಭಾಷೆಯನ್ನು ಓದಿ, ಬರೆದು, ಆಡಲು ಬಲ್ಲವನಾಗಿರಬೇಕು. ಆ ಭಾಷೆಯನ್ನು ಕಲಿತುದು ಹತ್ತನೆಯ ಅಥವಾ ಹನ್ನೆರಡನೆಯ ತರಗತಿಯ ಅಂಕಪಟ್ಟಿಯಲ್ಲಿ ಕಂಡುಬಂದರೆ ಪ್ರತ್ಯೇಕ ಭಾಷಾ ಪರೀಕ್ಷೆಯಿಲ್ಲ. ಕನ್ನಡದೊಡನೆ ಮರಾಠಿಯನ್ನೂ ಕಲಿತ ನಮ್ಮ ವಿದ್ಯಾರ್ಥಿಗೆ ಮಹಾರಾಷ್ಟ್ರ, ಕರ್ನಾಟಕಗಳೆರಡರಲ್ಲಿ ಬೇಕಾದುದನ್ನು ಆರಿಸುವ ಅನುಕೂಲವಿದೆ. ದುಬಾರಿ ಶಾಲೆಯಲ್ಲಿ ಕಲಿತ ಎಷ್ಟೋ ಮಂದಿಗೆ ಈ ಭಾಗ್ಯವಿಲ್ಲ.

ಸಂದರ್ಶನದ ಭಯವೂ ಅತಿಯಾದುದೇ. ಕೇಂದ್ರ ಸರಕಾರವು ಕೆಳದರ್ಜೆಯ ಹುದ್ದೆಗಳಿಗೆ ಸಂದರ್ಶನವನ್ನು 2016ರ ಜನವರಿ 1ರಿಂದ ತೆಗೆದುಹಾಕಿತು. ಅತ್ಯುನ್ನತವೆನಿಸಿದ ನಾಗರಿಕ ಸೇವಾ ಪರೀಕ್ಷೆಯಲ್ಲಿಯೂ ಒಟ್ಟು 2025 ಅಂಕಗಳಲ್ಲಿ ಸಂದರ್ಶನಕ್ಕಿರುವುದು 275. ಏಳನೆಯ ಒಂದು ಪಾಲಿಗಿಂತಲೂ ಕಡಿಮೆ. ಉಳಿದುದೆಲ್ಲ ಬರವಣಿಗೆಯ ಶ್ರಮದ ಫಲ. ಖಾಸಗಿ ಸಂಸ್ಥೆಗಳಲ್ಲಿ ಮಾತ್ರ ಮುಖಾಮುಖಿ ಮಾತುಕತೆಗೆ ಹೆಚ್ಚಿನ ಬೆಲೆಯಿದೆ. ಆದುದರಿಂದ ಅದಕ್ಕೂ ಸಿದ್ಧರಾಗತಕ್ಕದ್ದು.

ಜಾಹೀರಾತನ್ನು ಎರಡು ಸಲ ಓದಿರಿ. ಹೆಸರು, ಜನ್ಮದಿನಾಂಕಗಳು ಶಾಲೆಯ ಪ್ರಮಾಣಪತ್ರದಲ್ಲಿರುವಂತೆಯೇ ಇರಲಿ. ಒಂದೇ ಪತ್ರವನ್ನು ಹತ್ತು ಕಡೆ ಕಳಿಸುವುದಕ್ಕಿಂತ, ಆಯಾ ಕೆಲಸಕ್ಕೆ ನೀವು ಹೇಗೆ ತಕ್ಕವರೆಂಬುದನ್ನು ಸ್ವಂತ ಮಾತಿನಲ್ಲಿ ಬರೆಯುವುದು ಮೇಲು. ಐದು ನಿಮಿಷ ವಿವರಿಸಲಾರದ ಯಾವ ಸಂಗತಿಯನ್ನೂ ಅರ್ಜಿಯಲ್ಲಿ ಸೇರಿಸಬೇಡಿರಿ. ಪ್ರಶ್ನೆಗಳು ಹುಟ್ಟುವುದು ಅಲ್ಲಿಂದಲೇ. ನೌಕರಿ ಕೊಡಿಸುವೆನೆಂದು ಮುಂಗಡ ಹಣ ಕೇಳುವವನನ್ನು ದೂರವಿಡಿರಿ.

ಸಂದರ್ಶನಕ್ಕೆ ಹೋಗುವ ಮುನ್ನ ಆ ಸಂಸ್ಥೆಯ ವ್ಯವಹಾರವೇನೆಂದು ತಿಳಿದುಕೊಳ್ಳಿರಿ. ಲೋಕಲ್ ಗಾಡಿಯನ್ನು ನಂಬಿ ಹೊರಡುವವರು ಅರ್ಧ ಗಂಟೆಯಾದರೂ ಮುಂಚಿತವಾಗಿ ತಲುಪುವಂತೆ ಹೊರಡಬೇಕು. ‘ನಾನು ಪರಿಶ್ರಮಿ’ ಎನ್ನುವುದಕ್ಕಿಂತ, ಹಗಲು ಅಂಗಡಿಯಲ್ಲಿ ಲೆಕ್ಕ ಬರೆದು ಸಂಜೆ ಓದಿದುದನ್ನು ಹೇಳಿದರೆ ಕೇಳುವವರಿಗೆ ನಂಬಿಕೆ ಹುಟ್ಟುತ್ತದೆ. ತಿಳಿಯದುದನ್ನು ತಿಳಿಯದೆಂದು ವಿನಯದಿಂದ ಹೇಳಿರಿ. ಇಂಗ್ಲಿಷನ್ನು ಉಪೇಕ್ಷಿಸಬಾರದು, ದಿನವೂ ಪತ್ರಿಕೆಯ ಒಂದು ಪುಟವನ್ನು ಗಟ್ಟಿಯಾಗಿ ಓದಿ, ಅದರ ಸಾರವನ್ನು ಹೇಳುವ ಅಭ್ಯಾಸವಿದ್ದರೆ ನಾಲಗೆ ಪಳಗುತ್ತದೆ.

ಕೊನೆಯದಾಗಿ, ನೌಕರಿಯಲ್ಲಿ ನೆಲೆಯೂರಿರುವ ಹಿರಿಯ ವಿದ್ಯಾರ್ಥಿಗಳಲ್ಲಿ ಒಂದು ಬಿನ್ನಹ. ನಾವು ಕಿರಿಯರಿಗೆ ಶಿಫಾರಸು ಪತ್ರ ಕೊಟ್ಟು ಕೈತೊಳೆದುಕೊಳ್ಳುವುದುಂಟು. ಅದರ ಬದಲು ತಿಂಗಳಿಗೊಂದು ರವಿವಾರ ಶಾಲೆಯ ಕೊಠಡಿಯೊಂದರಲ್ಲಿ ಮೇಜಿನ ಆಚೆ ಕುಳಿತು, ಅವರನ್ನು ಪ್ರಶ್ನಿಸಿ, ತಪ್ಪುಗಳನ್ನು ತಿದ್ದಿ ಕಳುಹಿಸೋಣ. ಅಪರಿಚಿತರೆದುರು ತಡವರಿಸುವ ಹುಡುಗಿಯೊಬ್ಬಳು ನಮ್ಮವರೆದುರು ನಾಲ್ಕು ಸಲ ತಡವರಿಸಿ, ಐದನೆಯ ಸಲ ನಿರ್ಭಯವಾಗಿ ತನ್ನ ಶಾಲೆಯ ಹೆಸರನ್ನು ಹೇಳಿದರೆ ನಮ್ಮ ರವಿವಾರ ಸಾರ್ಥಕವಾದಂತೆ.