ವೈಪರನ್ನು ಎಸೆಯುವ ಮುನ್ನ

ಮುಂಗಾರಿನ ಮೊದಲ ಮಳೆ ಬಿದ್ದೊಡನೆ ಮೋಟಾರು ಬಿಡಿಭಾಗಗಳ ಅಂಗಡಿಗಳಲ್ಲಿ ವೈಪರಿನ ರಬ್ಬರಿಗೆ ಎಲ್ಲಿಲ್ಲದ ಬೇಡಿಕೆ ಬರುತ್ತದೆ. ತಿಂಗಳುಗಟ್ಟಲೆ ಯಾರ ಗಮನಕ್ಕೂ ಬಾರದೆ ಮುಂಗಾಜಿನ ಬುಡದಲ್ಲಿ ಬಿಸಿಲು ಕಾಯುತ್ತ ಮಲಗಿದ್ದ ಈ ಉಪಕರಣವು ಒಂದು ಸಂಜೆ ಇದ್ದಕ್ಕಿದ್ದಂತೆ ಬೇಕಾಗುತ್ತದೆ. ಆಗ ಅದು ನೀರನ್ನು ಒರಸುವುದಕ್ಕೆ ಬದಲಾಗಿ ಬಳಿಯುತ್ತದೆ. ಗಾಜಿನ ಮೇಲೆ ಕಿರ್ರೆಂದು ತಡವರಿಸುತ್ತದೆ. ಮರುದಿನ ಅದನ್ನು ಕಿತ್ತು ಹೊಸದನ್ನು ಹಾಕಿಸುತ್ತಾರೆ. ಹೊಸದೂ ಹಾಗೆಯೇ ಮಾಡಿದರೆ, “ಈಗಿನ ಸಾಮಾನೇ ಹೀಗೆ” ಎಂದು ತಯಾರಕರನ್ನು ಬಯ್ಯುತ್ತಾರೆ. ಕಾರಣವನ್ನು ವಿಚಾರಿಸುವವರು ವಿರಳ. ಕಾರಣವನ್ನರಿಯದೆ ಭಾಗವನ್ನು ಬದಲಿಸುವ ಈ ಅಭ್ಯಾಸದಿಂದ ಹಣಕ್ಕಿಂತ ಮಿಗಿಲಾದ ಎರಡು ನಷ್ಟಗಳುಂಟೆಂದು ನಮ್ಮ ಅಭಿಪ್ರಾಯ. ಒಂದು, ದಾರಿಯ ಮೇಲಣ ಜೀವಭಯ. ಇನ್ನೊಂದು, ವಿಚಾರಬುದ್ಧಿಗೆ ಹಿಡಿಯುವ ಜಡ್ಡು.

ಮೊದಲನೆಯದನ್ನು ಲೆಕ್ಕದಿಂದಲೇ ತೋರಿಸಬಹುದು. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಹೋಗುವ ಕಾರು ಸೆಕೆಂಡಿಗೆ ಸುಮಾರು 17 ಮೀಟರು ಸಾಗುತ್ತದೆ. ವೈಪರು ನಿಮಿಷಕ್ಕೆ 45 ಸಲ ಹೋಗಿಬರುವುದೆಂದು ಇಟ್ಟುಕೊಂಡರೆ, ಒಂದು ಸಲ ಹೋಗಿಬರುವಷ್ಟರಲ್ಲಿ ಕಾರು 22 ಮೀಟರು ಮುಂದೆ ಹೋಗಿರುತ್ತದೆ. ಆ ಒಂದು ಒರಸುವಿಕೆ ಗಾಜನ್ನು ಮಸುಕು ಮಾಡಿತೆಂದರೆ ಅಷ್ಟು ದೂರವನ್ನು ಚಾಲಕನು ಅಂದಾಜಿನ ಮೇಲೆಯೇ ದಾಟಿದಂತಾಯಿತು. ರಾತ್ರಿಯಲ್ಲಿ, ಎದುರಿನ ವಾಹನದ ದೀಪವು ಗಾಜಿನ ಮೇಲೆಲ್ಲ ಚೆಲ್ಲಿದಾಗ, ಶಿರಾಡಿಯ ಅಥವಾ ಆಗುಂಬೆಯ ಘಾಟಿಯ ತಿರುವಿನಲ್ಲಿ ಇದರ ಅರ್ಥವೇನೆಂಬುದನ್ನು ವಿವರಿಸಬೇಕಾಗಿಲ್ಲ. ಮುಂಗಾಜುಳ್ಳ ಮೋಟಾರು ವಾಹನಗಳಿಗೆ ದಕ್ಷವಾಗಿ ಕೆಲಸ ಮಾಡುವ, ಯಂತ್ರಶಕ್ತಿಯಿಂದ ನಡೆಯುವ ವೈಪರು ಇರತಕ್ಕದ್ದೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸಿವೆ. ಅಲ್ಲಿ ‘ದಕ್ಷ’ ಎಂಬ ಮಾತಿಗೆ ನಾವು ಕೊಡಬೇಕಾದ ಬೆಲೆಯನ್ನು ಕೊಟ್ಟಿಲ್ಲ.

ಈ ಉಪಕರಣದ ಚರಿತ್ರೆಯೂ ವಿಚಾರಬುದ್ಧಿಯ ಚರಿತ್ರೆಯೇ ಆಗಿದೆ. ಅಮೆರಿಕದ ಅಲಬಾಮ ಪ್ರಾಂತದ ಮೇರಿ ಆಂಡರ್ಸನ್ ಎಂಬ ಮಹಿಳೆ ನ್ಯೂಯಾರ್ಕಿನಲ್ಲಿ ಟ್ರಾಮಿನ ಚಾಲಕನು ಹಿಮ ಸುರಿಯುವಾಗ ದಾರಿ ಕಾಣದೆ ಪಡುತ್ತಿದ್ದ ಪಾಡನ್ನು ಕಂಡರು. ಕುಳಿತಲ್ಲಿಂದಲೇ ಹಿಡಿಕೆಯನ್ನು ತಿರುಗಿಸಿ ಗಾಜನ್ನು ಒರಸುವ ಸಾಧನವನ್ನು ಕಲ್ಪಿಸಿ 1903ರಲ್ಲಿ ಅದಕ್ಕೆ ಪೇಟೆಂಟು ಪಡೆದರು. ಟ್ರಾಮಿನಲ್ಲಿದ್ದ ಇತರರೂ ಅದೇ ದೃಶ್ಯವನ್ನು ಕಂಡಿದ್ದರು, “ಇದೇಕೆ ಹೀಗೆ?” ಎಂದು ಕೇಳಿಕೊಂಡದ್ದರಲ್ಲಿ ವ್ಯತ್ಯಾಸವಿದೆ.

ಹಾಗಾದರೆ ನಾವೂ ಕೇಳೋಣ: ವೈಪರು ಬಳಿಯುವುದೇಕೆ? ಅದರ ರಬ್ಬರಿನ ಅಂಚು ತೆಳುವಾದ ತುಟಿಯಂತಿದೆ. ಸ್ಪ್ರಿಂಗಿನ ಒತ್ತಡದಿಂದ ಅದು ಗಾಜಿಗೆ ಒರಗಿ, ಚಲಿಸುವ ದಿಕ್ಕಿಗೆ ವಿರುದ್ಧವಾಗಿ ಬಾಗಿ, ಹಿಂದೆ ಎಳೆಯಲ್ಪಡುತ್ತ ಸಾಗುತ್ತದೆ. ಮರಳುವಾಗ ತುಟಿಯು ಇನ್ನೊಂದು ಪಕ್ಕಕ್ಕೆ ಮಗುಚಿಕೊಳ್ಳುತ್ತದೆ. ಅದು ನೀರನ್ನು ಪೂರ್ಣವಾಗಿ ತೆಗೆದುಬಿಡುವುದೆಂದು ತಿಳಿಯಬಾರದು. ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪೊರೆಯೊಂದು ಉಳಿದೇ ಉಳಿಯುತ್ತದೆ. ಶುದ್ಧವಾದ ಗಾಜು ನೀರನ್ನು ತನ್ನತ್ತ ಸೆಳೆಯುವುದರಿಂದ ಆ ಪೊರೆಯು ಸಮನಾಗಿ ಹರಡಿ, ಬೆಳಕನ್ನು ನೇರವಾಗಿ ಹಾಯಗೊಡುತ್ತದೆ. ಗಾಜಿನ ಮೇಲೆ ಜಿಡ್ಡಿದ್ದರೆ ನೀರು ಹರಡಲೊಲ್ಲದು. ಪೊರೆ ಒಡೆದು ಅಸಂಖ್ಯ ಸಣ್ಣ ಹನಿಗಳಾಗುತ್ತದೆ. ಪ್ರತಿಯೊಂದು ಹನಿಯೂ ಒಂದು ಕಿರುಮಸೂರವಾಗಿ ಬೆಳಕನ್ನು ಚದರಿಸುತ್ತದೆ. ನಾವು ಮಸುಕೆಂದು ಕರೆಯುವುದು ಇದನ್ನೇ. ಹೊಸ ರಬ್ಬರು ಜಿಡ್ಡನ್ನು ತೆಗೆಯಲಾರದು. ಗಾಜಿನ ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಸಾಗಿಸಬಲ್ಲದು, ಅಷ್ಟೆ.

ತಡವರಿಕೆಗೆ ಕಾರಣ ಘರ್ಷಣೆ. ಒದ್ದೆಗಾಜಿನ ಮೇಲೆ ನೀರೇ ಕೀಲೆಣ್ಣೆಯ ಕೆಲಸ ಮಾಡುತ್ತದೆ. ನೀರು ಸಾಲದಾದಾಗ ರಬ್ಬರು ಗಾಜಿಗೆ ಕಚ್ಚಿಕೊಳ್ಳುತ್ತದೆ. ತುಂತುರು ಮಳೆಯಲ್ಲಿ ಗಾಜು ಅರೆಬರೆ ಒಣಗಿದಾಗ ಈ ಕಚ್ಚುವಿಕೆ ತೀರ ಹೆಚ್ಚು. ನಿಂತ ವಸ್ತುವನ್ನು ಕದಲಿಸಲು ಬೇಕಾದ ಬಲವು ಚಲಿಸುತ್ತಿರುವುದನ್ನು ಮುಂದುವರಿಸಲು ಬೇಕಾದ ಬಲಕ್ಕಿಂತ ಅಧಿಕವೆಂಬುದನ್ನು ವಿದ್ಯಾರ್ಥಿಗಳು ಭೌತಶಾಸ್ತ್ರದ ಪಾಠದಲ್ಲಿ ಓದಿದ್ದಾರೆ. ರಬ್ಬರು ಕಚ್ಚಿ ನಿಲ್ಲುತ್ತದೆ, ತೋಳು ಎಳೆದಾಗ ಜಿಗಿಯುತ್ತದೆ, ಮತ್ತೆ ಕಚ್ಚುತ್ತದೆ. ಪಿಟೀಲಿನ ತಂತಿಯನ್ನು ಕಮಾನು ನುಡಿಸುವುದೂ ಈ ನಿಯಮದಿಂದಲೇ. ಅಲ್ಲಿ ಅದು ನಾದವಾದರೆ ಇಲ್ಲಿ ಕರ್ಕಶವಾಗುತ್ತದೆ. ಇನ್ನೊಂದು ಕಾರಣವೂ ಉಂಟು. ಬೇಸಗೆಯುದ್ದಕ್ಕೂ ಒಂದೇ ಪಕ್ಕಕ್ಕೆ ಬಾಗಿ ಬಿಸಿಲಿನಲ್ಲಿ ನಿಂತ ತುಟಿಗೆ ಆ ಬಾಗೇ ಸ್ಥಿರವಾಗಿಬಿಡುತ್ತದೆ. ಮಳೆಗಾಲದಲ್ಲಿ ಅದು ಮಗುಚಿಕೊಳ್ಳಲಾರದೆ, ಒಂದು ದಿಕ್ಕಿನಲ್ಲಿ ಎಳೆಯಲ್ಪಡುವ ಬದಲು ತಳ್ಳಲ್ಪಟ್ಟು ಕುಪ್ಪಳಿಸುತ್ತದೆ. ಇದಲ್ಲದೆ ಗಾಳಿಯಲ್ಲಿರುವ ಓಜೋನು ರಬ್ಬರಿನ ಅಣುಸರಪಳಿಗಳನ್ನು ಕತ್ತರಿಸಿ ಅಂಚಿನಲ್ಲಿ ಬಿರುಕುಗಳನ್ನುಂಟುಮಾಡುತ್ತದೆ.

ಆದ್ದರಿಂದ ಲಕ್ಷಣವನ್ನು ನೋಡಿ ರೋಗವನ್ನು ಹೇಳುವ ವೈದ್ಯನಂತೆ ನಾವು ನಡೆಯಬೇಕು. ಗಾಜಿನ ಮೇಲೆ ಸದಾ ಒಂದೇ ಜಾಗದಲ್ಲಿ ಒಂದು ಸಣ್ಣ ಗೆರೆ ಉಳಿದರೆ, ಅಲ್ಲಿ ರಬ್ಬರಿಗೆ ಕಸ ಸಿಕ್ಕಿದೆ ಅಥವಾ ಅಂಚು ಕಚ್ಚಾಗಿದೆ. ಅಗಲವಾದ ಪಟ್ಟಿಯೊಂದು ಒರಸದೆ ಉಳಿದರೆ, ಒತ್ತಡ ಸಮನಾಗಿಲ್ಲ. ಒರಸಿದ ಕಡೆಯಲ್ಲೆಲ್ಲ ಮಂಜು ಕವಿದಂತಾದರೆ, ಗಾಜಿನಲ್ಲಿ ಜಿಡ್ಡಿದೆ. ಒಂದೇ ದಿಕ್ಕಿನಲ್ಲಿ ತಡವರಿಸಿದರೆ, ತುಟಿಯ ಬಾಗು ಗಟ್ಟಿಯಾಗಿದೆ ಅಥವಾ ತೋಳು ತಿರುಚಿಕೊಂಡು ಅಲಗು ಗಾಜಿಗೆ ನೆಟ್ಟಗೆ ನಿಂತಿಲ್ಲ. ಈ ನಾಲ್ಕರಲ್ಲಿ ಹೊಸ ರಬ್ಬರಿನಿಂದ ನಿಶ್ಚಯವಾಗಿ ಗುಣವಾಗುವುದು ಎಷ್ಟು ಕಡಮೆಯೆಂಬುದನ್ನು ವಾಚಕರು ಗಮನಿಸಬೇಕು.

ಚಿಕಿತ್ಸೆಯಲ್ಲಿ ಕ್ರಮವೇ ಮುಖ್ಯ. ಮೊದಲು ಗಾಜು, ಬಳಿಕ ರಬ್ಬರು, ಆಮೇಲೆ ತೋಳು, ಕಟ್ಟಕಡೆಗೆ ಅಂಗಡಿ. ಗಾಜಿನ ಧೂಳನ್ನು ಧಾರಾಳವಾಗಿ ನೀರು ಹೊಯ್ದು ಇಳಿಸಬೇಕು. ಒಣಗಿದ ಗಾಜಿನ ಮೇಲೆ ವೈಪರನ್ನು ಎಂದಿಗೂ ಓಡಿಸಬಾರದು. ಧೂಳಿನಲ್ಲಿರುವ ಬೆಣಚುಕಲ್ಲಿನ ಕಣಗಳು ಗಾಜಿಗಿಂತ ಗಟ್ಟಿಯಾದುದರಿಂದ ಗೀರು ಬೀಳುತ್ತದೆ, ಗೀರಿಗೆ ಸುಲಭವಾದ ಮದ್ದಿಲ್ಲ. ಆಮೇಲೆ ಸಾಬೂನಿನ ನೀರಿನಿಂದ ತೊಳೆದು, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಶುಭ್ರವಾದ ಬಟ್ಟೆಯಿಂದ ಉಜ್ಜಬೇಕು. ಇದು ಬೆಂಕಿಗೆ ಬೇಗ ಹತ್ತಿಕೊಳ್ಳುವ ದ್ರವ, ಎಚ್ಚರವಿರಲಿ. ಕೊಳವೆಬಾವಿಯ ಗಡಸುನೀರಿನಿಂದ ತೊಳೆದ ಗಾಜಿನಲ್ಲಿ ಬಿಳಿಯ ಕಲೆಗಳು ನಿಂತಿದ್ದರೆ ಅವು ಬಹುಮಟ್ಟಿಗೆ ಕ್ಯಾಲ್ಸಿಯಂ ಕಾರ್ಬೊನೇಟು. ವಿನಿಗರು ಅಥವಾ ನಿಂಬೆರಸದಿಂದ ಕರಗಿಸಿ ಚೆನ್ನಾಗಿ ತೊಳೆಯಬಹುದು. ಕೊನೆಗೆ ಶುದ್ಧವಾದ ನೀರನ್ನು ಸುರಿದು ನೋಡಬೇಕು. ನೀರು ಅಖಂಡವಾದ ಹಾಳೆಯಂತೆ ಇಳಿದರೆ ಗಾಜು ಶುದ್ಧ. ಹನಿಗಳಾಗಿ ಒಡೆದರೆ ಜಿಡ್ಡು ಇನ್ನೂ ಇದೆ. ನೀರು ನಿಲ್ಲದಂತೆ ಬೇಕೆಂದೇ ಲೇಪ ಹಚ್ಚಿಸಿದ ಗಾಜಿಗೆ ಮಾತ್ರ ಈ ಪರೀಕ್ಷೆ ಸಲ್ಲದು. ಒಳಗಡೆಯನ್ನೂ ಮರೆಯಬಾರದು: ಬಿಸಿಲಿಗೆ ಕಾದ ಪ್ಲಾಸ್ಟಿಕ್ಕಿನಿಂದೇಳುವ ಆವಿಯು ಒಳಮೈಯಲ್ಲಿ ಪೊರೆಗಟ್ಟುತ್ತದೆ, ಅದನ್ನು ಯಾವ ವೈಪರೂ ಮುಟ್ಟಲಾರದು.

ರಬ್ಬರಿನ ಅಂಚನ್ನು ಒದ್ದೆಬಟ್ಟೆಯಿಂದ ಕಪ್ಪು ಬರುವುದು ನಿಲ್ಲುವ ತನಕ ಒರಸಬೇಕು. ಸೀಮೆಎಣ್ಣೆ, ಪೆಟ್ರೋಲು, ಡೀಸೆಲುಗಳನ್ನು ತಾಗಿಸಬಾರದು; ಸ್ವಾಭಾವಿಕ ರಬ್ಬರು ಅವುಗಳನ್ನು ಹೀರಿ ಉಬ್ಬುತ್ತದೆ. ಅಲಗನ್ನು ಕಳಚುವಾಗ ಗಾಜಿನ ಮೇಲೆ ದಪ್ಪವಾದ ಬಟ್ಟೆಯನ್ನು ಮಡಿಸಿಡುವುದು ಒಳ್ಳೆಯದು. ಸ್ಪ್ರಿಂಗಿನ ತೋಳು ತಟ್ಟನೆ ಬಡಿದರೆ ಗಾಜೇ ಸೀಳಬಹುದು. ತೋಳಿನ ತಿರುಚನ್ನು ಅನುಭವವುಳ್ಳ ಮೆಕ್ಯಾನಿಕರಿಂದ ಸರಿಪಡಿಸಿಕೊಳ್ಳಬೇಕು. ಇಷ್ಟಾದ ಮೇಲೂ ದೋಷ ಉಳಿದಿದ್ದರೆ, ಅಥವಾ ರಬ್ಬರು ಬಿರುಕು ಬಿಟ್ಟಿದ್ದರೆ, ಬಾಗಿ ಗಟ್ಟಿಯಾಗಿದ್ದರೆ, ಅದನ್ನು ಬದಲಿಸಲು ಒಂದು ಕ್ಷಣವೂ ಹಿಂಜರಿಯಬಾರದು. ನಾವು ಜಿಪುಣತನವನ್ನು ಬೋಧಿಸುತ್ತಿಲ್ಲ.

ನಮ್ಮ ಲಾರಿಚಾಲಕರಲ್ಲಿ ಒಂದು ರೂಢಿ ಉಂಟು. ವೈಪರು ಕೈಕೊಟ್ಟಾಗ ಅವರು ಹೊಗೆಸೊಪ್ಪನ್ನೋ ಕೊಯ್ದ ಆಲೂಗಡ್ಡೆಯನ್ನೋ ಗಾಜಿನ ಮೇಲೆ ಉಜ್ಜುತ್ತಾರೆ. ಓದಿದವರು ನಗುವುದುಂಟು, ನಗುವುದು ಸಲ್ಲದು. ಆ ರಸವು ಗಾಜಿನ ಮೇಲೆ ನೀರು ಹನಿಗಟ್ಟದೆ ಹರಡುವಂತೆ ಮಾಡುತ್ತದೆ. ಶಾಲೆಯ ಮೆಟ್ಟಿಲು ಹತ್ತದವರೂ ಕಣ್ಣು ತೆರೆದು ನೋಡಿ ಕಂಡುಕೊಂಡ ಸತ್ಯವಿದು. ಆದರೂ ಮಳೆಯಲ್ಲಿ ಆ ರಸ ಬೇಗ ತೊಳೆದುಹೋಗುತ್ತದೆ. ಆಪತ್ತಿಗೆ ಆದೀತು, ವೈಪರಿಗೆ ಬದಲಾಗದು.

“ಕೆಲವು ನೂರು ರೂಪಾಯಿನ ಸಾಮಾನಿಗೆ ಇಷ್ಟೊಂದು ವಿಚಾರವೇಕೆ? ವರ್ಷಕ್ಕೊಮ್ಮೆ ಬದಲಿಸಿದರಾಯಿತು” ಎನ್ನುವವರಿದ್ದಾರೆ. ಬದಲಿಸಲಿ, ಆದರೆ ಜಿಡ್ಡುಗಾಜಿನ ಮೇಲೆ ಹೊಸ ರಬ್ಬರೂ ಬಳಿಯುತ್ತದೆ, “ಹೊಸದು ಹಾಕಿಸಿದ್ದೇನೆ” ಎಂಬ ಧೈರ್ಯ ಮಾತ್ರ ಸುಳ್ಳಾಗಿ ಹೆಚ್ಚುತ್ತದೆ. ಇನ್ನು ಕೆಲವರು, ಕ್ಯಾಮೆರಾ ಸಹಿತವಾದ ಹೊಸ ಕಾರುಗಳಲ್ಲಿ ಯಂತ್ರವೇ ದಾರಿ ನೋಡಿಕೊಳ್ಳುವುದರಿಂದ ಈ ಚಿಂತೆ ಹಳತಾಯಿತೆನ್ನುತ್ತಾರೆ. ಆ ಕ್ಯಾಮೆರಾ ಸಾಮಾನ್ಯವಾಗಿ ಇರುವುದು ಅದೇ ಮುಂಗಾಜಿನ ಹಿಂದೆ, ಅದೇ ವೈಪರು ಒರಸುವ ಜಾಗದಲ್ಲಿ. ಗಾಜು ಮಸುಕಾದರೆ ಯಂತ್ರದ ಕಣ್ಣಿಗೂ ಮಸುಕೇ.

ನಮ್ಮ ಶಾಲೆ ಕಾಲೇಜುಗಳಲ್ಲಿ ಘರ್ಷಣೆ, ಮೇಲ್ಮೈ ಎಳೆತ, ವಕ್ರೀಭವನಗಳನ್ನು ಮೂರು ಬೇರೆ ಬೇರೆ ಪಾಠಗಳಾಗಿ ಕಲಿಸುತ್ತೇವೆ. ಪರೀಕ್ಷೆಯಲ್ಲಿ ಬರೆಸಿ ಮರೆಯಿಸುತ್ತೇವೆ. ಮೂರೂ ಒಂದುಗೂಡುವ ಒಂದು ಮುಂಗಾಜು ಶಾಲೆಯ ಬಸ್ಸಿನಲ್ಲಿಯೇ ಇದೆ. ಎರಡು ಗಾಜಿನ ತುಂಡುಗಳನ್ನು ತೆಗೆದುಕೊಂಡು ಒಂದನ್ನು ಸಾಬೂನಿನಿಂದ ತೊಳೆದು, ಇನ್ನೊಂದಕ್ಕೆ ಬೆರಳ ತುದಿಯಷ್ಟು ಕೊಬ್ಬರಿಎಣ್ಣೆ ಸವರಿ, ಎರಡಕ್ಕೂ ನೀರು ಚಿಮುಕಿಸಿ, ಅವುಗಳ ಮೂಲಕ ದೀಪವನ್ನು ನೋಡಿರಿ. ರಬ್ಬರಿನ ತುಂಡಿನಿಂದ ಎಳೆದು ಮತ್ತೆ ನೋಡಿರಿ. ಖರ್ಚಿಲ್ಲದ ಈ ಪ್ರಯೋಗವು ಪುಟಗಟ್ಟಲೆ ವ್ಯಾಖ್ಯೆಗಳಿಗಿಂತ ಹೆಚ್ಚನ್ನು ಕಲಿಸುತ್ತದೆ.

ಪ್ರತಿವರ್ಷ ಮೇ ತಿಂಗಳಲ್ಲಿ, ಮಳೆಗೆ ಮುನ್ನ, ಮನೆಯ ಕಾರಿನ, ಶಾಲೆಯ ಬಸ್ಸಿನ ಮುಂಗಾಜನ್ನು ಪರೀಕ್ಷಿಸುವ ಕೆಲಸವನ್ನು ವಿದ್ಯಾರ್ಥಿಗಳೇ ಹಿರಿಯರ ಜೊತೆಗೂಡಿ ವಹಿಸಿಕೊಳ್ಳಲೆಂಬುದು ನಮ್ಮ ಸಲಹೆ. ಒಂದು ಬಕೆಟ್ಟು ನೀರು, ಒಂದು ತುಂಡು ಬಟ್ಟೆ, ಅರ್ಧ ಗಂಟೆಯ ಬಿಡುವು ಇದ್ದರೆ ಸಾಕು. ಜೂನ್ ತಿಂಗಳ ಒಂದು ರಾತ್ರಿ ಘಾಟಿಯ ತಿರುವಿನಲ್ಲಿ ಚಾಲಕನಿಗೆ ಎದುರಿನ ದಾರಿ ನಿಚ್ಚಳವಾಗಿ ಕಂಡರೆ ಆ ಅರ್ಧ ಗಂಟೆ ಸಾರ್ಥಕವಾಯಿತೆಂದೇ ನಾವು ಎಣಿಸುತ್ತೇವೆ.