ಪ್ರಾರ್ಥನೆಯ ಮಧ್ಯೆ ತಲೆ ಮೇಲೆ ಬಿದ್ದ ಬೈರಾಸು

ಸಂತೆಕಟ್ಟೆ ಹತ್ತಿರದ ಒಂದು ಮನೆಯಲ್ಲಿ ಪ್ರಾರ್ಥನಾ ಕೂಟ. ನಮ್ಮ ಗೆಳತಿಯೊಬ್ಬಳು ಪಕ್ಕದ ಮನೆಯವರು ಕರೆದರೆಂದು ಹೋಗಿದ್ದಳು. ಜೀನ್ಸ್, ಮೇಲೊಂದು ಕುರ್ತಾ, ಶಾಲು ಇರಲಿಲ್ಲ. ಎಲ್ಲರೂ ಕಣ್ಣು ಮುಚ್ಚಿ ಕುಳಿತಿದ್ದಾಗ ಹಿರಿಯರೊಬ್ಬರು ಎದ್ದು ಹೋಗಿ ಹೊರಗೆ ಒಣಗಲು ಹಾಕಿದ್ದ ಬೈರಾಸು ತಂದು ಅವಳ ತಲೆ ಮೇಲೆ ಹಾಕಿದರು. ಅದು ಇನ್ನೂ ಒಣಗಿರಲಿಲ್ಲ. ಪ್ರಾರ್ಥನೆ ಮುಗಿಯುವವರೆಗೂ ಅವಳು ಅದನ್ನು ಹೊದ್ದೇ ಕುಳಿತಳು.

ಅವಳು ಇದನ್ನು ನಗುತ್ತಲೇ ಹೇಳಿದಳು. ಆದರೆ ಹೇಳಿ ಮುಗಿಸಿದ ಮೇಲೆ ನಗಲಿಲ್ಲ. ಹಾಗಾಗಿ ಬರೆಯುತ್ತಿದ್ದೇವೆ.

ಕ್ರೈಸ್ತ ಹೆಂಗಸರು ಪ್ರಾರ್ಥನೆಯಲ್ಲಿ ತಲೆ ಮುಚ್ಚುವುದಕ್ಕೆ ಆಧಾರ ಸಂತ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 11ನೇ ಅಧ್ಯಾಯ. ಆ ಅಧ್ಯಾಯವನ್ನು ಪೂರ್ತಿ ಓದುವವರು ಕಡಿಮೆ. ಗಂಡಸು ತಲೆ ಮುಚ್ಚಿ ಪ್ರಾರ್ಥಿಸಬಾರದು ಎಂಬುದೂ ಅಲ್ಲೇ ಇದೆ. ಹೆಂಗಸರು ಸಭೆಯಲ್ಲಿ ಪ್ರಾರ್ಥಿಸುತ್ತಾರೆ, ಪ್ರವಾದನೆ ನುಡಿಯುತ್ತಾರೆ ಎಂಬುದನ್ನು ಪೌಲ ಸಹಜವಾಗಿ ಒಪ್ಪಿಕೊಂಡೇ ಮಾತು ಶುರು ಮಾಡುತ್ತಾನೆ. ಕೊನೆಗೆ, ಕೂದಲನ್ನೇ ಹೆಣ್ಣಿಗೆ ಹೊದಿಕೆಯಾಗಿ ಕೊಡಲಾಗಿದೆ ಎನ್ನುತ್ತಾನೆ. ಇಷ್ಟರಲ್ಲಿ ನಮ್ಮೂರಿನ ಕೂಟಗಳಿಗೆ ನೆನಪಿರುವುದು ಶಾಲು ಮಾತ್ರ. (ಬಿಷಪರ ಟೋಪಿಯ ಬಗ್ಗೆ ಯಾರೂ ಕೇಳುವುದಿಲ್ಲ, ನಾವೂ ಕೇಳುವುದಿಲ್ಲ.)

ಕಥೊಲಿಕರಲ್ಲಿ ಇದು ಬರೇ ರೂಢಿಯಲ್ಲ, ನಿಯಮವೇ ಆಗಿತ್ತು. 1917ರ ಧರ್ಮಸಭೆಯ ಕಾನೂನು ಸಂಹಿತೆಯಲ್ಲಿ ಇಗರ್ಜಿಯೊಳಗೆ ಹೆಂಗಸರು ತಲೆ ಮುಚ್ಚಬೇಕು ಎಂದು ಬರೆದಿತ್ತು. ಇಂಥ ರೂಢಿ ಈಗ ಕಡ್ಡಾಯವಲ್ಲ ಎಂದು 1976ರಲ್ಲಿ ರೋಮ್ ಹೇಳಿತು. 1983ರ ಹೊಸ ಸಂಹಿತೆಯಲ್ಲಿ ಆ ಸಾಲೇ ಇಲ್ಲ. ನಮ್ಮ ಅಜ್ಜಿಯಂದಿರಿಗೆ ಇದನ್ನು ಯಾರೂ ಕುಳಿತು ವಿವರಿಸಿದಂತಿಲ್ಲ. ಅವರು ಇಂದಿಗೂ ಪೂಜೆಯ ಹೊತ್ತಿಗೆ ಸೆರಗು ಎಳೆದುಕೊಳ್ಳುತ್ತಾರೆ, ಪಕ್ಕದಲ್ಲಿ ಮೊಮ್ಮಗಳು ಬರಿತಲೆಯಲ್ಲಿ ಕುಳಿತಿರುತ್ತಾಳೆ. ಇಬ್ಬರೂ ಒಂದೇ ಸಾಲಿನಲ್ಲಿ ಹೋಗಿ ಪ್ರಸಾದ ತೆಗೆದುಕೊಳ್ಳುತ್ತಾರೆ.

ಇಲ್ಲಿಂದ ಸ್ವರ್ಣಾ ನದಿ ದಾಟಿ ಬ್ರಹ್ಮಾವರಕ್ಕೆ ಹೋದರೆ ವಿಷಯ ಬೇರೆ. ಅಲ್ಲಿಯ ಆರ್ಥೊಡಾಕ್ಸ್ ಕ್ರೈಸ್ತರು ನಮ್ಮವರೇ, ಅದೇ ಕೊಂಕಣಿ, ಅವೇ ಅಡ್ಡಹೆಸರುಗಳು. 19ನೇ ಶತಮಾನದ ಕೊನೆಯಲ್ಲಿ ಗೋವಾದ ಪದ್ರೊವಾದೊ ಅಧಿಕಾರದ ಜಗಳ ಎದ್ದಾಗ ಕೆಲವು ಕುಟುಂಬಗಳು ರೋಮನ್ನು ಬಿಟ್ಟು, 1889ರಲ್ಲಿ ಬಿಷಪರಾದ ಅಲ್ವಾರಿಸ್ ಮಾರ್ ಜೂಲಿಯಸ್ ಮತ್ತು ಪಾದ್ರಿ ನೊರೊನ್ಹಾ ಅವರ ಜೊತೆ ನಿಂತವು. ಆ ಸಭೆಯಲ್ಲಿ ಕುರ್ಬಾನದ ಹೊತ್ತಿಗೆ ಹೆಂಗಸರು ಇಂದಿಗೂ ತಲೆ ಮುಚ್ಚುತ್ತಾರೆ. ಅಂದರೆ ಒಂದು ಕಾಲದಲ್ಲಿ ಒಂದೇ ಇಗರ್ಜಿಗೆ ಹೋಗುತ್ತಿದ್ದವರ ಮೊಮ್ಮಕ್ಕಳಲ್ಲಿ, ನದಿಯ ಆಚೆ ಶಾಲು ಬೇಕು, ಈಚೆ ಬೇಕಿಲ್ಲ. ಯಾರು ಹೆಚ್ಚು ಭಕ್ತರು? ಹೇಳಿ ನೋಡೋಣ.

ಈ ಪ್ರಶ್ನೆ ನಮಗೆ 2022ರಲ್ಲೇ ಬರಬೇಕಿತ್ತು. ಉಡುಪಿಯ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಹಿಜಾಬ್ ಹಾಕಿದ ಹುಡುಗಿಯರು ತರಗತಿಯ ಹೊರಗೆ ಕುಳಿತರು. ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲ ಎಂದು ಮಾರ್ಚ್ 15ರಂದು ಹೈಕೋರ್ಟ್ ಹೇಳಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಬೇರೆ ತೀರ್ಪು ಕೊಟ್ಟರು. ಆಗ ನಮ್ಮ ಕ್ರೈಸ್ತ ಮನೆಗಳಲ್ಲೂ ‘ಅವರಿಗೆ ಒಂದು ಬಟ್ಟೆಗೆ ಇಷ್ಟು ಹಟ ಯಾಕೆ’ ಎಂಬ ಮಾತು ಕೇಳಿದ್ದೇವೆ. ಹೇಳಿದವರ ಮನೆಯ ಗೋಡೆಯಲ್ಲಿ ಮುಸುಕು ಹಾಕಿದ ಮೇರಿಮಾತೆ, ಅದರ ಪಕ್ಕದಲ್ಲಿ ಸಿಸ್ಟರ್ ಆದ ಮಗಳ ಫೋಟೊ.

ತಲೆ ಮುಚ್ಚುವುದು ಕ್ರೈಸ್ತರಿಗೆ ಅತ್ಯಗತ್ಯವೇ ಎಂದು ನಾಳೆ ಯಾರಾದರೂ ಕೇಳಿದರೆ ಸಂತೆಕಟ್ಟೆ ಒಂದು ಉತ್ತರ ಕೊಡುತ್ತದೆ, ಬ್ರಹ್ಮಾವರ ಇನ್ನೊಂದು. ಎರಡರಲ್ಲೂ ಉತ್ತರ ಹೇಳುವವರು ಹೆಚ್ಚಾಗಿ ಗಂಡಸರು.

ಸೆರಗು ಎಳೆದುಕೊಳ್ಳುವ ಅಜ್ಜಿಯನ್ನು ಹಳೆಕಾಲದವಳು ಎಂದು ಗೇಲಿ ಮಾಡುವವರ ಜೊತೆ ನಾವಿಲ್ಲ. ಆ ಸೆರಗಿನೊಳಗೆ ಅವಳಿಗೊಂದು ಮೌನ ಸಿಗುತ್ತದೆ. ಆರು ಮಕ್ಕಳ ಮನೆಯಲ್ಲಿ ಅವಳಿಗೆ ಅದು ಬೇರೆಲ್ಲೂ ಸಿಕ್ಕಿರಲಿಲ್ಲವೋ ಏನೋ. ಆದರೆ ಇನ್ನೊಬ್ಬರ ತಲೆಗೆ ಕೈ ಹಾಕುವುದು ಬೇರೆ ಮಾತು. ಮುಚ್ಚಲು ಹಾಕಿದರೂ ಅಷ್ಟೇ, ಎಳೆಯಲು ಹಾಕಿದರೂ ಅಷ್ಟೇ. ಕೂಟ ನಡೆಸುವವರಲ್ಲಿ ನಮ್ಮದೊಂದೇ ಕೋರಿಕೆ. ನಿಮ್ಮಲ್ಲಿ ಕ್ರಮ ಇದ್ದರೆ ಕರೆಯುವಾಗಲೇ ಹೇಳಿ, ಬರುವುದೋ ಬೇಡವೋ ಅವಳು ಯೋಚಿಸಲಿ. ಪ್ರಾರ್ಥನೆಯ ಮಧ್ಯೆ ಬಟ್ಟೆ ಹುಡುಕಬೇಡಿ.

ಮುಂದಿನ ವಾರ ಅದೇ ಮನೆಯಲ್ಲಿ ಮತ್ತೆ ಕೂಟ ಇದೆಯಂತೆ, ಇವಳನ್ನೂ ಕರೆದಿದ್ದಾರೆ. ಹೋಗುತ್ತೀಯಾ ಎಂದು ಕೇಳಿದೆವು. ಹೋಗುತ್ತಾಳಂತೆ, ಆ ಮನೆಯ ಬಾಯಮ್ಮನಿಗೆ ಹುಷಾರಿಲ್ಲ, ಅವರಿಗಾಗಿ ಪ್ರಾರ್ಥಿಸಲಿಕ್ಕಿದೆ. ಶಾಲಿನ ವಿಷಯ ಮಾತ್ರ ಇನ್ನೂ ತೀರ್ಮಾನ ಮಾಡಿಲ್ಲವಂತೆ.